ಬದುಕಿರುವವಳಿಗಾಗಿ ಅತ್ತದ್ದು

ಆ ಸಾಲುಮನೆಗಳ ಬೀದಿಯಲ್ಲಿ ಎಲ್ಲರೂ ಅವಳನ್ನು ‘ಆಚೆಯವಳು’ ಎನ್ನುತ್ತಿದ್ದರು. ಎದುರಿಗಲ್ಲ. ಎದುರಿಗೆ ಅವಳು ‘ಗುಬ್ಬಿ ಅಮ್ಮ’. ಬೆನ್ನು ತಿರುಗಿಸಿದಳೋ, ಆಚೆಯವಳು. ಬೆಟ್ಟಸಾಲಿನ ಆಚೆಯಿಂದ ಬಂದವಳು ಎಂಬುದಷ್ಟೇ ಅದರ ಅರ್ಥ. ಮದುವೆಯಾಗಿ ಎಂಟು ವರ್ಷವಾಗಿತ್ತು, ಇಲ್ಲಿಯ ಮಾತನ್ನು ಇಲ್ಲಿಯವರಷ್ಟೇ ಸಲೀಸಾಗಿ ಆಡುತ್ತಿದ್ದಳು. ಆದರೂ ಬೀದಿಯ ನಲ್ಲಿಯ ಹತ್ತಿರ ಅವಳ ಸರದಿ ಬಂದಾಗ ಹೆಂಗಸರ ಹರಟೆ ಒಂದು ಗಳಿಗೆ ತಗ್ಗುತ್ತಿತ್ತು, ಅವಳು ಕೊಡ ಎತ್ತಿಕೊಂಡು ಹೋದ ಮೇಲೆ ಮತ್ತೆ ಏರುತ್ತಿತ್ತು.

ಅವಳ ಗಂಡ ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವನು. ವರ್ಕ್‌ಶಾಪೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ಕೆಲಸ ಮಾಡುತ್ತಿದ್ದುದರಿಂದ ಊರಿಗೆಲ್ಲ ಅವನು ಟರ್ನರ್. ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿಯಲ್ಲಿ ಒಮ್ಮೆ ರೋಲರಿನ ಶಾಫ್ಟ್ ಮುರಿದಾಗ ಸರಿಮಾಡಲು ಹೋದವನು ಅಲ್ಲಿ ಅವಳನ್ನು ಕಂಡಿದ್ದ. ಅವನು ಹೇಳಿದ ಯಾವುದೋ ತಮಾಷೆಗೆ ಹಬೆಯ ನಡುವೆ ನಿಂತಿದ್ದ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅವಳೊಬ್ಬಳು ನಗಲಿಲ್ಲ, ತನ್ನ ಪಾಡಿಗೆ ತಾನು ಚಾದರ ಮಡಿಸುತ್ತಿದ್ದಳು. ಅವನು ಸಾಮಾನು ಕಟ್ಟಿಕೊಂಡು ಗೇಟು ದಾಟುವಾಗ ಹಿಂದಿನಿಂದ ಬಂದು, “ನೀನು ಹೇಳಿದ್ದು ಚೆನ್ನಾಗಿತ್ತು” ಎಂದು ಹೇಳಿ ಹಾಗೇ ತಿರುಗಿ ಹೋದಳು. ಟರ್ನರ್ ಅಲ್ಲಿಗೇ ಅವಳಿಗೆ ಮನಸೋತುಬಿಟ್ಟ.

ಅವಳ ಕಡೆಯವರು ಹಾಗೆ. ಸಂತೋಷವಾಗಲಿ ಸಂಕಟವಾಗಲಿ, ಹೊರಗಿನವರ ಕಣ್ಣೆದುರು ಹರವಿಕೊಂಡು ಕೂರುವುದೆಂದರೆ ಅವರಿಗೆ ಮೈಮೇಲಿನ ಬಟ್ಟೆ ಕಳಚಿದಷ್ಟು ನಾಚಿಕೆ. ಟರ್ನರನ ಬೀದಿಯವರೋ, ಒಂದು ಮನೆಯ ಮಗುವಿಗೆ ಜ್ವರ ಬಂದರೆ ಆರು ಮನೆಯವರು ಬಾಗಿಲಲ್ಲಿ ನಿಂತು ಗೋಳಾಡುವ ಜನ. ಮದುವೆಗೆ ಬಂದಿದ್ದ ಅವಳ ಅಣ್ಣ, ಮರಗೆಲಸದವನು, ದಿನವಿಡೀ ಗೋಡೆಗೆ ಒರಗಿ ನಿಂತು ನೋಡಿ ಕೊನೆಗೆ ತಂಗಿಯ ಕಿವಿಯಲ್ಲಿ, “ಇವರು ಮಾತಾಡ್ತಿದಾರೋ ಜಗಳ ಆಡ್ತಿದಾರೋ?” ಎಂದು ಕೇಳಿದ್ದನಂತೆ. ಅದನ್ನು ನೆನೆಸಿಕೊಂಡು ಗಂಡಹೆಂಡತಿ ಎಷ್ಟೋ ಸಲ ನಕ್ಕಿದ್ದರು.

ಇನ್ನೊಂದು ಫಜೀತಿ ಎಂದರೆ ಅವಳು ಗಂಡನನ್ನು ‘ನೀನು’ ಎನ್ನುತ್ತಿದ್ದಳು. ಅವಳ ಭಾಷೆಯಲ್ಲಿ ದೇವರಿಗೂ ಗಂಡನಿಗೂ ಬೆಕ್ಕಿನಮರಿಗೂ ಇದ್ದದ್ದು ಅದೊಂದೇ ಮಾತು. ಪಕ್ಕದ ಮನೆಯಲ್ಲೇ ಇದ್ದ ಟರ್ನರನ ಅಕ್ಕ ಮೊದಲ ವರ್ಷ ಅದನ್ನು ತಿದ್ದಲು ನೋಡಿದಳು. “ಗಂಡನಿಗೆ ನೀವು ಅನ್ಬೇಕಮ್ಮ, ನೀವು.” ಆಚೆಯವಳು ತಲೆಯಾಡಿಸಿ, ಅತ್ತಿಗೆಗೆ ‘ನೀವು’ ಎನ್ನಲು ಕಲಿತಳು. ಗಂಡನಿಗೆ ಮಾತ್ರ ಬರಲಿಲ್ಲ. “ನೀವು ಅಂದ್ರೆ ನೀನು ಯಾರೋ ದೂರದವನ ಥರ ಕಾಣ್ತೀಯ” ಎಂದಿದ್ದಳು. ಟರ್ನರನಿಗೆ ಒಳಗೊಳಗೇ ಖುಷಿಯಾಗಿತ್ತು.

ಅಕ್ಕ ಕೆಟ್ಟವಳಲ್ಲ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದವಳು. ಆದರೆ ಅಪ್ಪ ತೀರಿಕೊಂಡ ದಿನ ನಡೆದದ್ದನ್ನು ಅವಳು ಮರೆತಿರಲಿಲ್ಲ. ಬೀದಿಗೆ ಬೀದಿಯೇ ಎದೆ ಬಡಿದುಕೊಂಡು ಅಳುತ್ತಿದ್ದರೆ ಈ ಸೊಸೆ ಹಿತ್ತಲಲ್ಲಿ ಕೂತು ಪಾತ್ರೆ ತೊಳೆದಳು, ಬಂದವರಿಗೆಲ್ಲ ನೀರು ಕೊಟ್ಟಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಆ ಮುದುಕ ಆರು ತಿಂಗಳು ಹಾಸಿಗೆ ಹಿಡಿದಿದ್ದಾಗ ಅವನ ಮಲಮೂತ್ರ ಬಾಚಿದವಳೂ ಅವಳೇ. ಅಕ್ಕ ಅದನ್ನೂ ಒಪ್ಪುತ್ತಿದ್ದಳು, ಒಪ್ಪಿ ಕೊನೆಗೆ ಮೂಗು ಮುರಿಯುತ್ತಿದ್ದಳು: “ಕೈ ಕೆಲಸ ಮಾಡತ್ತೆ ಕಣೋ. ಕರುಳು ಇದೆಯೋ ಇಲ್ವೋ ಆ ದೇವರಿಗೇ ಗೊತ್ತು.”

ಕರುಳು ಇದೆ ಎಂಬುದು ಟರ್ನರನಿಗೆ ಗೊತ್ತಿತ್ತು. ಬಾಗಿಲು ಹಾಕಿದ ಮೇಲೆ ಅವಳು ಬೇರೆಯೇ ಹೆಂಗಸು. ಮಗಳು ಗುಬ್ಬಿಯನ್ನು ಹೊಟ್ಟೆಯ ಮೇಲೆ ಕೂರಿಸಿಕೊಂಡು, ಅವಳ ಕಾಲ್ಬೆರಳು ಕಚ್ಚಿದರೆ ಇಬ್ಬರೂ ಉಸಿರು ಸಿಕ್ಕುವಂತೆ ನಗುತ್ತಿದ್ದರು. ಬೀದಿಯಲ್ಲಿ ಮಾತ್ರ ಆ ಮಗುವಿಗೆ ಒಂದು ಮುತ್ತು ಕೊಟ್ಟದ್ದನ್ನು ಯಾರೂ ನೋಡಿರಲಿಲ್ಲ.

ಅದೊಂದು ಬುಧವಾರ, ಒಂದನೇ ಕ್ಲಾಸಿನ ಗುಬ್ಬಿ ಶಾಲೆಯಿಂದ ಮನೆಗೆ ಬರಲಿಲ್ಲ.

ಶಾಲೆಗೂ ಮನೆಗೂ ನಡುವೆ ಎರಡು ಓಣಿ, ಒಂದು ಅಂಗಡಿ, ಮುಚ್ಚಿಹೋದ ಬಸ್ ಡಿಪೋದ ಉದ್ದ ಗೋಡೆ. ಅಷ್ಟೇ ದಾರಿ. ದಿನವೂ ಗುಬ್ಬಿ ಓರಗೆಯ ಮಕ್ಕಳ ಜೊತೆ ಬಂದು ಅತ್ತೆಯ ಮನೆಯಲ್ಲಿ ಕೂರುತ್ತಿದ್ದಳು. ಅವತ್ತು ಅಕ್ಕ ಯಾರನ್ನೋ ನೋಡಲು ಪಕ್ಕದ ಊರಿಗೆ ಹೋಗಿದ್ದಳು. ಅಮ್ಮ ಲಾಂಡ್ರಿಯಿಂದ ಬಂದಾಗ ಎರಡೂ ಮನೆಗೆ ಬೀಗ, ಜಗಲಿ ಖಾಲಿ. ಅವಳು ಶಾಲೆಗೆ ಹೋದಳು, ಅಂಗಡಿಯಲ್ಲಿ ಕೇಳಿದಳು, ಜೊತೆಯ ಮಕ್ಕಳ ಮನೆಗಳಿಗೆ ಹೋದಳು. ಗುಬ್ಬಿ ಹಿಂದೆ ಉಳಿದಳು, ನಾವು ಓಡಿಬಂದ್ವಿ ಎಂದವು ಮಕ್ಕಳು. ಆಮೇಲೆ ವರ್ಕ್‌ಶಾಪಿಗೆ ಬಂದು ಲೇತಿನ ಪಕ್ಕ ನಿಂತು, “ಗುಬ್ಬಿ ಮನೆಗೆ ಬಂದಿಲ್ಲ” ಎಂದಳು. ನಲ್ಲಿಯಲ್ಲಿ ನೀರು ಬಂದಿಲ್ಲ ಎಂದಂತಿತ್ತು ದನಿ. ಆದರೆ ಟರ್ನರ್ ಅವಳ ಮುಖ ನೋಡಿದ. ಮಷಿನ್ ನಿಲ್ಲಿಸಿದನೋ ಇಲ್ಲವೋ ಎಂಬುದು ಅವನಿಗೆ ಆಮೇಲೆ ನೆನಪಿರಲಿಲ್ಲ.

ಆ ಸಂಜೆ ಬೀದಿಗೆ ಬೀದಿಯೇ ಹೊರಬಿತ್ತು. ಆ ಜನರ ಒಳ್ಳೆಯತನವೇ ಅದು. ಕರೆಯುವ ಮೊದಲೇ ಬರುತ್ತಾರೆ. ಗಂಡಸರು ಸೈಕಲ್ಲು ಹತ್ತಿ ರೈಲ್ವೆ ಹಳಿಯ ಕಡೆ, ಕೆರೆಯ ಕಡೆ ಹೋದರು. ಹೆಂಗಸರು ಓಣಿ ಓಣಿಯಲ್ಲಿ ‘ಗುಬ್ಬೀ, ಗುಬ್ಬೀ’ ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಡಿಪೋದ ಗೇಟನ್ನೂ ನಾಲ್ಕು ಜನ ಅಲ್ಲಾಡಿಸಿ ನೋಡಿದರು. ದೊಡ್ಡ ಬೀಗ ತುಕ್ಕು ಹಿಡಿದು ಕೂತಿತ್ತು. “ಇಲ್ಲಿ ಇಲಿ ಕೂಡ ಒಳಗೆ ಹೋಗಲ್ಲ” ಎಂದ ಎದುರಿನ ಗ್ಯಾರೇಜಿನವನು. ಅಲ್ಲಿಂದ ಮುಂದೆ ಹೋದರು. ಅಕ್ಕ ಊರಿಂದ ಬಂದವಳೇ ಸುದ್ದಿ ಕೇಳಿ ಬೀದಿಯ ಮಧ್ಯೆ ಕುಸಿದು, “ಅಯ್ಯೋ ನನ್ನ ಕಂದಾ, ನಾನು ಮನೇಲಿರಬಾರದಿತ್ತೇ” ಎಂದು ನೆಲಕ್ಕೆ ತಲೆ ಚಚ್ಚಿಕೊಂಡಳು. ನಾಲ್ವರು ಹಿಡಿದು ಕೂರಿಸಬೇಕಾಯಿತು.

ತಾಯಿ ಎಲ್ಲಿ ಎಂದು ಯಾರೋ ಕೇಳಿದರು.

ಅವಳು ಓಣಿಗಳನ್ನೆಲ್ಲ ಸುತ್ತಿ ಬಂದಿದ್ದಳು, ಪೊಲೀಸ್ ಸ್ಟೇಷನ್ನಿಗೂ ಹೋಗಿ ಹೇಳಿ ಬಂದಿದ್ದಳು. ಈಗ ಹಿತ್ತಲಲ್ಲಿ ಮಗಳ ಶಾಲೆಯ ಇನ್ನೊಂದು ಫ್ರಾಕನ್ನು ಸೋಪು ಹಚ್ಚಿ ಒಗೆಯುತ್ತಿದ್ದಳು. ಒಗೆದು, ಹಿಂಡಿ, ಕೊಡವಿ, ತಂತಿಯ ಮೇಲೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು. ಅಂಗಡಿಯವನ ಹೆಂಡತಿ ಬಾಗಿಲಲ್ಲಿ ನಿಂತು ಬೆರಗಾಗಿ ಕೇಳಿದಳು: “ಇದೇನ್ರೀ ಇದು? ಮಗು ಕಾಣ್ತಿಲ್ಲ, ನೀವು ಬಟ್ಟೆ ಒಗೀತಿದೀರ?”

“ಬಂದ ಮೇಲೆ ಬೇಕಲ್ಲ” ಎಂದಳು ಅವಳು.

ಆ ಮಾತು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಅದರ ಬಣ್ಣವೇ ಬದಲಾಗಿತ್ತು. ಮಗು ಕಾಣದಾದ ದಿನವೇ ಅದರ ಬಟ್ಟೆ ಒಗೆದಳಂತೆ. ಯಾಕೆ ಒಗೆದಳು? ಏನು ಹತ್ತಿತ್ತು ಬಟ್ಟೆಗೆ? ಮಾವ ಸತ್ತಾಗಲೂ ಕಣ್ಣು ಒದ್ದೆಯಾಗಲಿಲ್ಲವಂತಲ್ಲ. ಅವರ ಜನವೇ ಹಾಗಂತೆ, ಹೆತ್ತದ್ದನ್ನು ಎಣಿಸುವುದಿಲ್ಲವಂತೆ. ಬೆಟ್ಟದ ಆಚೆಗೆ ಒಂದು ಸಲವೂ ಹೋಗದವರೆಲ್ಲ ಬೆಟ್ಟದ ಆಚೆಯವರು ಮಕ್ಕಳನ್ನು ಹೇಗೆ ಸಾಕುತ್ತಾರೆ ಎಂದು ವಿವರವಾಗಿ ಹೇಳತೊಡಗಿದರು.

ಬೆಳಗ್ಗೆ ಇನ್ಸ್‌ಪೆಕ್ಟರ್ ಬಂದರು. ತಲೆ ನರೆತ, ದನಿ ಎತ್ತದ ಮನುಷ್ಯ. ಅಕ್ಕನ ಜೊತೆ ಮಾತಾಡಿದರು, ಅಂಗಡಿಯವನ ಹೆಂಡತಿಯ ಜೊತೆ ಮಾತಾಡಿದರು. ತಂತಿಯ ಮೇಲಿದ್ದ ಫ್ರಾಕನ್ನು ಚೀಲಕ್ಕೆ ಹಾಕಿಸಿದರು. ಹಿತ್ತಲ ಮಣ್ಣನ್ನು ಪೇದೆಗಳು ಅಗೆದರು. ಲಾಂಡ್ರಿಗೂ ಹೋಗಿ ಬಾಯ್ಲರ್ ಆರಿಸಿ, ಮಸಿ ಕೆದಕಿ ನೋಡಿದರು. ಟರ್ನರನಿಗೆ ಅವರು ಏನು ಹುಡುಕುತ್ತಿದ್ದಾರೆ ಎಂದು ಹೊಳೆದಾಗ ಲಾಂಡ್ರಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿತ್ತು. ಹುಡುಕುವವರು ನಿಂತುಬಿಟ್ಟಿದ್ದರು. ಹಿಂದಿನ ದಿನ ಸೈಕಲ್ಲು ಹತ್ತಿ ಹೋದವರೆಲ್ಲ ಈಗ ಟರ್ನರನ ಮನೆಯೆದುರು ಕೈಕಟ್ಟಿ ನಿಂತು ಪೇದೆಗಳ ಗುದ್ದಲಿಯನ್ನು ನೋಡುತ್ತಿದ್ದರು. ಇನ್ನೆಲ್ಲಿ ಹುಡುಕುವುದು, ಇಲ್ಲೇ ಸಿಗಬೇಕಾದದ್ದು ಎಂಬಂತೆ. ಟರ್ನರ್ ಒಬ್ಬೊಬ್ಬರ ತೋಳು ಹಿಡಿದು ಎಳೆದ. “ಬನ್ರೋ, ರೈಲ್ವೆ ಗೋಡೌನ್ ಹತ್ರ ಇನ್ನೊಂದ್ಸಲ ನೋಡೋಣ ಬನ್ರೋ.” ಚಿಕ್ಕಂದಿನಿಂದ ಜೊತೆಗೆ ಆಡಿ ಬೆಳೆದ ಆಟೋದವನು ಕಣ್ಣು ತಪ್ಪಿಸಿ, “ಮೊದಲು ನಿನ್ನ ಹೆಂಡ್ತಿನ ಕೇಳೋ” ಎಂದ. ಟರ್ನರ್ ಅವನ ಕಪಾಳಕ್ಕೆ ಹೊಡೆದ. ಆಟೋದವನು ತಿರುಗಿ ಹೊಡೆಯಲಿಲ್ಲ, ಪಾಪ ಎಂಬಂತೆ ನೋಡಿದ. ಅದನ್ನು ತಾಳಿಕೊಳ್ಳುವುದು ಇನ್ನೂ ಕಷ್ಟವಾಯಿತು.

ಮಧ್ಯಾಹ್ನ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಹೊತ್ತು ಮುಳುಗುವವರೆಗೂ ಟರ್ನರ್ ಒಬ್ಬನೇ ಹುಚ್ಚನಂತೆ ಅಲೆದ. ಚರಂಡಿಗಳಿಗೆ ಕೋಲು ಹಾಕಿದ. ಖಾಲಿ ಸೈಟುಗಳ ಮುಳ್ಳು ಸರಿಸಿದ. ಮಳೆ ಬಂತು, ನೆನೆದ. ಒಬ್ಬನಿಗೆ ಎರಡು ಕಣ್ಣು, ಎರಡು ಕಾಲು. ಊರು ಎಷ್ಟು ದೊಡ್ಡದು ಎಂಬುದು ಅವತ್ತು ಅವನಿಗೆ ತಿಳಿಯಿತು.

ಮನೆಗೆ ಬಂದಾಗ ಅಕ್ಕ ಅನ್ನ ಬಡಿಸಿಟ್ಟುಕೊಂಡು ಕೂತಿದ್ದಳು. ಅಳುತ್ತಲೇ ಹೇಳಿದಳು: “ನಾನು ಅವಳ ಮೇಲೆ ಚಾಡಿ ಹೇಳ್ತಿಲ್ಲ ಕಣೋ. ನೀನೇ ಯೋಚನೆ ಮಾಡು. ಹೆತ್ತವಳು ಅಂದಮೇಲೆ ಒಂದು ಸಲ ಆದ್ರೂ ಅಯ್ಯೋ ಅನ್ಬೇಡ್ವಾ? ನನಗೆ ಮಕ್ಕಳಿಲ್ಲ, ನನ್ನ ಹೊಟ್ಟೇನೇ ಹೀಗೆ ಉರೀತಿದೆ. ಅವಳಿಗೆ ಯಾಕೆ ಉರೀತಿಲ್ಲ?”

ಟರ್ನರ್ ಅನ್ನದ ತಟ್ಟೆ ಮುಟ್ಟಲಿಲ್ಲ. ಆದರೆ ಅಕ್ಕನ ಮಾತು ಒಳಗೆ ಇಳಿಯಿತು. ಹೋದ ವಾರ ಗುಬ್ಬಿ ಹಠ ಮಾಡಿದಾಗ ಅವಳು ರಟ್ಟೆ ಹಿಡಿದು ಅಲ್ಲಾಡಿಸಿದ್ದು ನೆನಪಾಯಿತು. ಎಂಟು ವರ್ಷದಲ್ಲಿ ಅವಳು ಅತ್ತದ್ದನ್ನು ತಾನೂ ನೋಡಿಲ್ಲ ಎಂಬುದು ನೆನಪಾಯಿತು. ಬಾಗಿಲು ಹಾಕಿದ ಮೇಲೆ ಇಬ್ಬರೂ ನಗುತ್ತಿದ್ದುದು ನೆನಪಾಗಲು ಮಾತ್ರ ಅವನು ಕಷ್ಟಪಡಬೇಕಾಯಿತು. ಹಾಗೆ ಕಷ್ಟಪಡಬೇಕಾಗಿ ಬಂದದ್ದಕ್ಕೆ ಅವನಿಗೇ ಗಾಬರಿಯಾಯಿತು.

ಮರುದಿನ ಬೆಳಕು ಹರಿಯುತ್ತಲೇ ಸ್ಟೇಷನ್ನಿಗೆ ಹೋದ. ಅವಳು ಒಳಗಿನ ಕೋಣೆಯಲ್ಲಿ ಬೆಂಚಿನ ತುದಿಯಲ್ಲಿ ನೆಟ್ಟಗೆ ಕೂತಿದ್ದಳು. ಮುಂದೆ ಒಂದು ಲೋಟ ಟೀ ಕೆನೆಗಟ್ಟಿತ್ತು. ಕಣ್ಣಿನ ಸುತ್ತ ಕಪ್ಪಾಗಿತ್ತು. ಇನ್ಸ್‌ಪೆಕ್ಟರ್ ಟರ್ನರನನ್ನು ಬಾಗಿಲ ಬಳಿ ತಡೆದು ಮೆಲ್ಲಗೆ ಹೇಳಿದರು: “ನಾನು ಈ ಕೆಲಸದಲ್ಲಿ ಎಷ್ಟೋ ತಾಯಂದಿರನ್ನ ನೋಡಿದೀನಪ್ಪ. ಕಾಲು ಹಿಡಿದವರು, ಬೈದವರು, ಮೂರ್ಛೆ ಹೋದವರು. ಹೀಗೆ ಕೂತವರನ್ನ ನೋಡಿಲ್ಲ. ಫ್ರಾಕಲ್ಲಿ ಏನೂ ಸಿಕ್ಕಿಲ್ಲ, ನಿಜ. ಒಗೆದ್ರೆ ಎಲ್ಲಿ ಸಿಗತ್ತೆ? ನೀನೇ ಕೇಳು. ನಿನಗಾದ್ರೂ ಹೇಳ್ಬಹುದು.”

ಟರ್ನರ್ ಅವಳ ಎದುರು ಕೂತ. ಅವಳು ತಲೆ ಎತ್ತಿ, “ಸಿಕ್ಕಿದ್ಲಾ?” ಎಂದಳು.

“ಇಲ್ಲ.”

ಆಮೇಲೆ ಅವನು ಕೇಳಬಾರದ್ದನ್ನು ಕೇಳಿದ. “ನೀನು... ಏನಾದ್ರೂ... ಸಿಟ್ಟಲ್ಲಿ ಏನಾದ್ರೂ ಆಗಿದ್ರೆ ಹೇಳಿಬಿಡು. ನಾನಿದೀನಿ.”

ಅವಳು ಅವನನ್ನೇ ನೋಡಿದಳು. ಕಣ್ಣು ಮಿಟುಕಿಸಲಿಲ್ಲ. ಹೊರಗೆ ಯಾರೋ ಪೇದೆ ಇನ್ನೊಬ್ಬನಿಗೆ ಬೀಡಿ ಕೇಳುತ್ತಿದ್ದ. ಆಮೇಲೆ ಅವಳು ಒಂದೊಂದೇ ಮಾತನ್ನು ತೂಗಿ ಇಟ್ಟಂತೆ ಹೇಳಿದಳು:

“ಅವಳು ಹೊಸ ಬೂಟು ಹಾಕ್ಕೊಂಡು ಹೋಗಿದ್ಲು. ಎಡಗಾಲಿಗೆ ಕಚ್ತಿತ್ತು. ದೂರ ನಡಿಯೋಕೆ ಆಗಲ್ಲ ಅವಳಿಗೆ. ಯಾರಾದ್ರೂ ಎತ್ಕೊಂಡು ಹೋಗಿದ್ರೆ ಕಿರುಚಿರೋಳು, ಅಂಗಡಿಯವರಿಗೆ ಕೇಳಿಸಿರೋದು. ಹತ್ತಿರದಲ್ಲೇ ಇದಾಳೆ. ಎರಡು ಓಣಿಯ ಒಳಗೇ ಇದಾಳೆ. ಮೊನ್ನೆಯಿಂದ ಇವರಿಗೆಲ್ಲ ಹೇಳ್ತಿದೀನಿ. ಯಾರೂ ಕೇಳ್ತಿಲ್ಲ. ನೀವಾದ್ರೂ ಹುಡುಕಿ.”

‘ನೀವು’ ಎಂದಳು. ಅವನು ಅವಳ ಕೈ ಹಿಡಿಯಲು ಹೋದ. ಅವಳು ಕೈಯನ್ನು ಮಡಿಲಿಗೆ ತೆಗೆದುಕೊಂಡಳು.

“ನಾನು ಕೇಳಿದ್ದು ತಪ್ಪಾಯ್ತು” ಎಂದ. “ತಲೆ ಕೆಟ್ಟುಹೋಗಿದೆ. ಆದ್ರೆ ಒಬ್ಬನೇ ನಾನೆಷ್ಟು ಹುಡುಕಲಿ? ಜನ ಬರ್ತಿಲ್ಲ. ನೀನು ಏನೋ ಮಾಡಿದೀಯ ಅಂತಲೇ ಅವರೆಲ್ಲ ನಂಬಿದಾರೆ. ಯಾಕೆ ನಂಬಿದಾರೆ ಗೊತ್ತಾ? ನೀನು ಅಳ್ತಿಲ್ಲ ಅಂತ. ಅಷ್ಟೇ. ಅದೊಂದೇ. ಅವರೆದುರು ಒಂದ್ಸಲ ಅತ್ತುಬಿಡು. ನಿನ್ನ ಕಾಲಿಗೆ ಬೀಳ್ತೀನಿ.”

“ಬದುಕಿರೋರಿಗೋಸ್ಕರ ನಮ್ಮಲ್ಲಿ ಅಳಲ್ಲ.”

“ಗೊತ್ತು.”

“ಗೊತ್ತಿಲ್ಲ ನಿಮಗೆ. ಅತ್ತರೆ ಮುಗೀತು ಅಂತ. ಅವಳನ್ನ ಕೈಬಿಟ್ಟೆ ಅಂತ. ನಮ್ಮಮ್ಮ ನನ್ನ ತಮ್ಮನಿಗೋಸ್ಕರ ಒಂದು ವರ್ಷ ಅಳಲಿಲ್ಲ, ಅವನು ಹಿಮದಲ್ಲಿ ಕಾಣದೇ ಹೋದಾಗ. ಮೂಳೆ ಸಿಕ್ಕಿದ ಮೇಲೇ ಅತ್ತದ್ದು. ನಾನು ಅಳದೇ ಇರೋದೇ ಅವಳು ಇದಾಳೆ ಅಂತ.”

“ಸುಮ್ನೆ ನಟನೆ ಮಾಡು. ಕೈಬಿಟ್ಟೆ ಅಂತ ಮನಸಲ್ಲಿ ಅಂದ್ಕೋಬೇಡ.”

“ನನಗೆ ಹಾಗೆ ಬರಲ್ಲ” ಎಂದಳು. ಮೊದಲ ಸಲ ಅವಳ ದನಿ ಒಡೆಯಿತು. “ಅಳೋದು ಅಂದ್ರೆ ನಿಜವಾಗ್ಲೂ ಅಳೋದು. ಬೇರೆ ಥರ ನನಗೆ ಗೊತ್ತಿಲ್ಲ.”

ಹಿಡಿದಿಡಲು ಕಾರಣ ಸಿಗದೆ ಇನ್ಸ್‌ಪೆಕ್ಟರ್ ಅವಳನ್ನು ಆ ಬೆಳಗ್ಗೆ ಮನೆಗೆ ಕಳಿಸಿದರು, ಕಾವಲಿಗೆ ಇಬ್ಬರು ಪೇದೆಗಳ ಜೊತೆ. ಜೀಪು ಬೀದಿಗೆ ತಿರುಗಿದಾಗ ಎರಡೂ ಬದಿಯಲ್ಲಿ ಜನ ನಿಂತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸದಾ ಗಲಗಲ ಎನ್ನುವ ಆ ಬೀದಿ ಅಷ್ಟು ಮೌನವಾಗಿದ್ದದ್ದನ್ನು ಟರ್ನರ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಕ್ಕ ತನ್ನ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

ಅವಳು ಜೀಪಿನಿಂದ ಇಳಿದಳು. ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿದಳು. ನಿಂತಳು. ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಇಷ್ಟು ಕಾಲುಗಳು, ಇಷ್ಟು ಕೈಗಳು, ಇಷ್ಟು ಕಣ್ಣುಗಳು ಎಂದು ಲೆಕ್ಕ ಹಾಕುವವಳಂತೆ. ಒಮ್ಮೆ ಗಂಡನ ಕಡೆ ತಿರುಗಿದಳು. ಅವನು ಕೈಮುಗಿದ. ನಡುಬೀದಿಯಲ್ಲಿ, ಎಲ್ಲರೆದುರು, ಹೆಂಡತಿಗೆ ಕೈಮುಗಿದು ನಿಂತ.

ಅವಳು ನಲ್ಲಿಯ ಕಟ್ಟೆಯ ಹತ್ತಿರ ಒದ್ದೆ ನೆಲದ ಮೇಲೆ ಕೂತಳು. ಕೂದಲು ಬಿಚ್ಚಿದಳು. ಮಗಳ ಹೆಸರು ಹಿಡಿದು ಕೂಗಿದಳು. ಗುಬ್ಬಿ ಎಂದಲ್ಲ, ಅವರ ಭಾಷೆಯಲ್ಲಿ ಹುಟ್ಟಿದಾಗ ಇಟ್ಟ ಹೆಸರು, ಮನೆಯೊಳಗೆ ಮಾತ್ರ ಕರೆಯುತ್ತಿದ್ದದ್ದು. ಆ ಕೂಗಿಗೆ ಅಂಗಡಿಯ ಮುಂದಿದ್ದ ನಾಯಿ ಎದ್ದು ಓಡಿತು. ಆಮೇಲೆ ಅವಳು ಅತ್ತಳು. ಎಂಟು ವರ್ಷ ಕಟ್ಟಿಟ್ಟದ್ದು, ಅದಕ್ಕೂ ಹಿಂದಿನದು, ಎಲ್ಲ ಒಮ್ಮೆಗೇ ಕಿತ್ತುಕೊಂಡು ಬಂದಂತೆ ಅತ್ತಳು. ನಡುನಡುವೆ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಟರ್ನರನಿಗೆ ಆ ಭಾಷೆ ಅಷ್ಟಿಷ್ಟು ಬರುತ್ತಿತ್ತು. ‘ನಗುತ್ತಿದ್ದಳು’ ಎನ್ನುತ್ತಿದ್ದಳು. ‘ನನ್ನ ಹೊಟ್ಟೆಯ ಮೇಲೆ ಕೂರುತ್ತಿದ್ದಳು’ ಎನ್ನುತ್ತಿದ್ದಳು. ಎಲ್ಲವೂ ‘ಇದ್ದಳು’. ಒಂದೂ ‘ಇದ್ದಾಳೆ’ ಇಲ್ಲ. ಅವನಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಬೇಡ, ನಿಲ್ಲಿಸು, ಅವಳು ಇದ್ದಾಳೆ ಎಂದು ಕೂಗಬೇಕೆನಿಸಿತು. ಆದರೆ ಅಳು ಎಂದು ಕೇಳಿಕೊಂಡವನು ಅವನೇ.

ಮೊದಲು ಅಂಗಡಿಯವನ ಹೆಂಡತಿ ಅತ್ತಳು. ಆಮೇಲೆ ಅಕ್ಕ ಓಡಿಬಂದು ಅವಳ ಪಕ್ಕ ನೆಲಕ್ಕೆ ಬಿದ್ದು ತಬ್ಬಿಕೊಂಡಳು. “ತಾಯಿ ಕಣ್ರೋ! ಇವಳೂ ತಾಯೀನೇ ಕಣ್ರೋ! ಏನ್ ನೋಡ್ತಾ ನಿಂತಿದೀರಾ, ನಿಮ್ಮ ಕೈಗೇನಾಗಿದೆ?” ಎಂದು ಗಂಡಸರ ಮೇಲೆ ಹರಿಹಾಯ್ದಳು. ಬೀದಿ ಒಂದೇ ಉಸಿರಿಗೆ ಕರಗಿ ನೀರಾಯಿತು. ಆಟೋದವನು ಕಣ್ಣೊರೆಸಿಕೊಳ್ಳುತ್ತ ಬಂದು, “ಎಲ್ಲಿ ಹುಡುಕೋಣ ಹೇಳೋ” ಎಂದ.

“ಎರಡು ಓಣಿಯೊಳಗೆ” ಎಂದ ಟರ್ನರ್. “ದೂರ ಎಲ್ಲೂ ಬೇಡ. ಒಂದು ಸಂದೀನೂ ಬಿಡಬೇಡಿ. ಬೀಗ ಇದ್ರೆ ಒಡೀರಿ.”

ಜನ ನುಗ್ಗಿದರು. ಟ್ಯಾಂಕುಗಳ ಮುಚ್ಚಳ ಎತ್ತಿದರು, ಕಟ್ಟಿಗೆ ರಾಶಿ ಕೆಡವಿದರು. ಡಿಪೋದ ಗೇಟಿನ ಬೀಗವನ್ನು ಗ್ಯಾರೇಜಿನವನೇ ಸುತ್ತಿಗೆ ತಂದು ಒಡೆದ. ಒಳಗೆ ಮಂಡಿಯೆತ್ತರದ ಹುಲ್ಲು, ಹರಿದ ಸೀಟುಗಳು. ಹಿಂದಿನ ಗೋಡೆಯ ಬುಡದಲ್ಲಿ ನಾಯಿಗಳು ಕೆರೆದು ಮಾಡಿಕೊಂಡ ಕಂಡಿ, ಮಗುವೊಂದು ನುಸುಳುವಷ್ಟು. ಶೆಡ್ಡಿನ ಕೆಳಗೆ, ಬಸ್ಸಿನ ಅಡಿಯಲ್ಲಿ ನಿಂತು ರಿಪೇರಿ ಮಾಡಲು ತೋಡಿದ್ದ ಉದ್ದನೆಯ ಗುಂಡಿ. ಅದರ ಮೇಲಿನ ತಗಡು ಒಂದು ಕಡೆ ಬಾಗಿ ಒಳಗೆ ಇಳಿದಿತ್ತು.

ತಗಡನ್ನು ಎತ್ತಿದವನು ಆಟೋದವನು. ಎತ್ತಿ, ಒಳಗೆ ನೋಡಿ, ಬಾಯಿ ತೆರೆದ. ಬರೀ ಕೈ ಬೀಸಿ ಟರ್ನರನನ್ನು ಕರೆದ.

ಗುಂಡಿಯ ತಳದಲ್ಲಿ ಮಳೆನೀರು ನಿಂತಿತ್ತು. ಪಕ್ಕದ ಒಣ ಜಾಗದಲ್ಲಿ ಗುಬ್ಬಿ ಗೋಡೆಗೆ ಆತು ಮಲಗಿದ್ದಳು. ಒಂದು ಕಾಲು ಮಂಡಿಯ ಕೆಳಗೆ ಸೊಟ್ಟಗಾಗಿತ್ತು. ಟರ್ನರ್ ಹಾರಿದ, ಕೆಸರಿಗೆ ಬಿದ್ದ, ಎದ್ದ, ಅವಳ ಎದೆಯ ಮೇಲೆ ಕಿವಿ ಇಟ್ಟ. ತನ್ನದೇ ಎದೆಯ ಬಡಿತದಲ್ಲಿ ಬೇರೇನೂ ಕೇಳಿಸಲಿಲ್ಲ. ಆಮೇಲೆ ಕೂದಲಿಗೆ ಬಿಸಿ ಉಸಿರು ತಾಗಿತು. “ಅಪ್ಪ, ಭಾರ” ಎಂದಳು ಗುಬ್ಬಿ. ದನಿ ಕಾಗದ ಹರಿದಂತಿತ್ತು.

ಆಸ್ಪತ್ರೆಯ ಡಾಕ್ಟರು ಕಾಲಿಗೆ ಪಟ್ಟಿ ಹಾಕಿ, ನರಕ್ಕೆ ನೀರು ಏರಿಸಿ, ಜೀವಕ್ಕೆ ಭಯವಿಲ್ಲ ಎಂದರು. ಆ ದಿನವೆಲ್ಲ ಮಗುವಿದ್ದ ಕೋಣೆಯ ಬಾಗಿಲು ಬೀದಿಯವರಿಂದ ತುಂಬಿಹೋಗಿತ್ತು. ಹಣ್ಣು ತಂದರು, ಬಿಸ್ಕತ್ತು ತಂದರು, ಗೊಂಬೆ ತಂದರು. ಇನ್ಸ್‌ಪೆಕ್ಟರ್ ಬಂದು ಟೋಪಿ ತೆಗೆದು ನಿಂತರು, “ಏನೂ ಮನಸಲ್ಲಿ ಇಟ್ಕೋಬೇಡಮ್ಮ” ಎಂದರು. ಅಕ್ಕ ಬಂದವರಿಗೆಲ್ಲ ಕತೆ ಹೇಳಿದಳು. “ಇವತ್ತಿಂದ ಇವಳು ನಮ್ಮವಳು ಕಣ್ರೀ. ನಾವು ಏನೇನೋ ಅಂದ್ಕೊಂಡಿದ್ವಿ. ಆ ಅಳು ಕೇಳಿದ ಮೇಲೆ ಗೊತ್ತಾಯ್ತು, ಎಲ್ಲಾ ತಾಯಂದಿರೂ ಒಂದೇ” ಎಂದು ಅವಳ ಹೆಗಲ ಮೇಲೆ ಕೈ ಹಾಕಿಕೊಂಡಳು.

ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಮಗಳ ಕೈಯನ್ನು ಹಿಡಿದಿದ್ದಳು, ಆದರೆ ಹಿಡಿದ ರೀತಿ ವಿಚಿತ್ರವಾಗಿತ್ತು. ಯಾರದೋ ವಸ್ತುವನ್ನು ಸ್ವಲ್ಪ ಹೊತ್ತಿಗೆಂದು ತೆಗೆದುಕೊಂಡವರು ಹಿಡಿದ ಹಾಗೆ. ನಡುನಡುವೆ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ಮಗು ನಿದ್ದೆಗೆ ಜಾರಿದಾಗಲೆಲ್ಲ ಬೆಚ್ಚಿ ಎಬ್ಬಿಸುತ್ತಿದ್ದಳು. ನರ್ಸು ಬೈದಳು.

ಸುದ್ದಿ ತಿಳಿದು ಅವಳ ಅಣ್ಣ ಮೂರು ಬಸ್ಸು ಬದಲಿಸಿ ಬಂದ. ಬಾಗಿಲಲ್ಲಿ ನಿಂತು ಮಗುವನ್ನು ನೋಡಿದ, ಮುಖ ಅರಳಿತು. ಅಷ್ಟರಲ್ಲಿ ಅಕ್ಕ ಅವನಿಗೂ ಕತೆ ಹೇಳಿದಳು, ಬೀದಿಯಲ್ಲಿ ಕೂತು ಅತ್ತದ್ದನ್ನು, ಊರೇ ಕರಗಿದ್ದನ್ನು. ಅಣ್ಣನ ಮುಖ ನಿಧಾನಕ್ಕೆ ಗಟ್ಟಿಯಾಯಿತು. ತಂಗಿಯನ್ನು ಅವರ ಭಾಷೆಯಲ್ಲಿ ಏನೋ ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಮಗುವಿನ ತಲೆ ಸವರಲೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

“ಎಂಥಾ ಜನ ನೀವು?” ಎಂದು ಟರ್ನರನಿಗೆ ಹೇಳಿದ, ಇಲ್ಲಿಯ ಮಾತನ್ನು ತಡವರಿಸುತ್ತ. “ಮಗು ಜೀವಂತ ಇರುವಾಗ ತಾಯಿ ಬಾಯಲ್ಲಿ ಅದನ್ನ ಹೇಳಿಸಿದ್ರಾ? ಹುಡುಕೋದಕ್ಕೆ ನಿಮಗೆ ಅದು ಬೇಕಾಗಿತ್ತಾ? ನಮ್ಮಲ್ಲಿ ನಾಯಿ ಕಳೆದ್ರೂ ಸುಮ್ನೆ ಎದ್ದು ಹುಡುಕ್ತಾರೆ.” ತಂಗಿಯ ಕಡೆ ತಿರುಗಿದ. “ನೀನಾದ್ರೂ ಹೇಗೆ ಮಾಡ್ದೆ? ಅಮ್ಮನಿಗೆ ನಾನು ಏನಂತ ಹೇಳ್ಲಿ? ಈ ಮಗುನ ನಮ್ಮ ಮನೆಗೆ ಯಾವ ಮುಖ ಇಟ್ಕೊಂಡು ಕರ್ಕೊಂಡು ಬರ್ತೀಯ?”

“ಏನ್ರೀ ಮಾತಾಡ್ತಿದೀರಾ!” ಎಂದು ಅಕ್ಕ ಎದ್ದಳು. “ಮಗು ಬದುಕಿದ್ದು ಅದರಿಂದಲೇ! ನಿಮ್ಮ ಜನಕ್ಕೆ ಹೃದಯ ಅನ್ನೋದೇ ಇಲ್ವಾ?”

“ನಿಮ್ಮ ಜನಕ್ಕೆ ಹೃದಯ ಇರೋದು ಬಾಯಲ್ಲಿ” ಎಂದ ಅಣ್ಣ.

“ಹೋಗಿ” ಎಂದಳು ಅವಳು.

ದನಿ ಏರಿರಲಿಲ್ಲ. ಇಬ್ಬರೂ ಅವಳ ಕಡೆ ತಿರುಗಿದರು, ಇನ್ನೊಬ್ಬರಿಗೆ ಹೇಳಿದ್ದೆಂದುಕೊಂಡು.

“ಇಬ್ಬರಿಗೂ ಹೇಳಿದ್ದು. ಮೊದಲು ಹೊರಗೆ ಹೋಗಿ. ನಿಮಗೆ ಬೇಕಾಗಿದ್ದು ನಾನು ಕೊಟ್ಟಾಯ್ತು ಅಕ್ಕಾ, ಇನ್ನು ನನ್ನ ಹತ್ರ ಏನೂ ಇಲ್ಲ. ಅಣ್ಣಾ, ನಿನಗೆ ಬೇಕಾಗಿದ್ದನ್ನ ಉಳಿಸ್ಕೊಂಡಿದ್ರೆ ಇವಳು ಆ ಗುಂಡೀಲಿ ಇರ್ತಿದ್ಲು. ಯಾವುದು ಸರಿ ಅಂತ ಹೊರಗೆ ಕೂತು ಜಗಳ ಆಡ್ಕೊಳ್ಳಿ. ನನಗೆ ಗೊತ್ತಿಲ್ಲ. ನನಗೆ ಗೊತ್ತಾಗೋದೂ ಇಲ್ಲ.”

ಅಣ್ಣ ಹೋದ. ಅಕ್ಕ ಏನೋ ಹೇಳಹೊರಟವಳು ತಮ್ಮನ ಮುಖ ನೋಡಿ, ಹಣ್ಣಿನ ಚೀಲವನ್ನು ಮಂಚದ ಕೆಳಗೆ ಇಟ್ಟು ಹೊರಗೆ ನಡೆದಳು.

ಟರ್ನರ್ ಬಾಗಿಲಲ್ಲೇ ನಿಂತಿದ್ದ. ತಾನೂ ಹೋಗಬೇಕೋ ಎಂದು ತಿಳಿಯಲಿಲ್ಲ. ಅವಳು ಅವನನ್ನು ನೋಡಲಿಲ್ಲ. ಮಂಚದ ಅಂಚಿನಲ್ಲಿ ಇದ್ದಷ್ಟೇ ಜಾಗದಲ್ಲಿ ಮಗಳ ಪಕ್ಕ ಮಲಗಿ, ಪಟ್ಟಿ ಹಾಕಿದ ಕಾಲಿಗೆ ತಾಗದಂತೆ ಮೈ ಮಡಿಸಿಕೊಂಡಳು. ಅವಳ ಹೆಗಲು ಅಲುಗುತ್ತಿತ್ತು. ಸದ್ದಿರಲಿಲ್ಲ.

“ಬಾಗಿಲು ಹಾಕಿ” ಎಂದಳು.

ಒಳಗಿಂದ ಹಾಕಬೇಕೋ ಹೊರಗಿಂದಲೋ ಅವಳು ಹೇಳಲಿಲ್ಲ, ಕೇಳುವ ಧೈರ್ಯ ಅವನಿಗಾಗಲಿಲ್ಲ. ಸ್ವಲ್ಪ ಹೊತ್ತು ಚಿಲಕದ ಮೇಲೆ ಕೈಯಿಟ್ಟು ನಿಂತ. ಆಮೇಲೆ ಒಳಗಿಂದ ಹಾಕಿ, ಅಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಏಳು, ಹೋಗು ಎಂದು ಅವಳು ಹೇಳಬಹುದೆಂದು ಕಾದ. ಹೇಳಲಿಲ್ಲ. ಮಗು ಕಣ್ಣು ಬಿಟ್ಟು, ತನ್ನ ಕುತ್ತಿಗೆ ಒದ್ದೆಯಾದದ್ದೇಕೆ ಎಂದು ಅಮ್ಮನನ್ನು ಕೇಳುತ್ತಿತ್ತು.